ಮಾವನವರ ಹೆಬ್ಬೆರಳು

ನಮ್ಮ ಮಾವನವರಷ್ಟು ಕಡಿಮೆ ಮಾತಾಡಿ ಅಷ್ಟೊಂದು ಜಗಳ ತಂದವರು ಅರಕೆರೆಯಲ್ಲಿ ಇನ್ನೊಬ್ಬರಿರಲಿಲ್ಲ!

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಯಂತ್ರಗಳ ಪಕ್ಕ ಮೂವತ್ತು ವರ್ಷ ದುಡಿದವರು. ಅಲ್ಲಿನ ಸದ್ದಿಗೆ ಬಾಯಿ ಸೋತು, ಕೈಯೇ ಮಾತಾಡುತ್ತಿತ್ತಂತೆ. ಹೆಬ್ಬೆರಳೆತ್ತಿದರೆ ‘ಜೋರು ಮಾಡು’, ಅಂಗೈ ಕೆಳಗೊತ್ತಿದರೆ ‘ನಿಧಾನ’, ಮುಷ್ಟಿ ಎತ್ತಿದರೆ ‘ನಿಲ್ಲಿಸು’. ತೊಂಬತ್ತರ ದಶಕದ ಮೊದಲಲ್ಲಿ ರಿಟೈರಾದಾಗ ಹಾರ, ಶಾಲು, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಮೂರು ಸನ್ನೆಗಳನ್ನು ವಾಪಸ್ ಇಸಿದುಕೊಳ್ಳುವುದನ್ನು ಮಾತ್ರ ಮರೆತರು!

ಒಮ್ಮೆ ಶ್ರೀರಂಗಪಟ್ಟಣದ ಬಸ್ಸಿಗೆ ರಸ್ತೆ ಬದಿಯಿಂದಲೇ ಅಂಗೈ ಒತ್ತಿದರು. ಬಸ್ಸು ಕಿರ್‍ರೆಂದು ನಿಂತಿತು.

“ಬೇಗ ಅತ್ತಿ ಯಜಮಾನ್ರೇ!” ಎಂದ ಕಂಡಕ್ಟರ್.

“ಅತ್ತಕ್ ಯಾವನ್ಲಾ ಬಂದೋನು? ನಿಧಾನಕ್ ಓಗ್ಲಾ ಅಂದೆ!”

ನಾಗಮಂಗಲದ ಬೀಗರು ಊಟಕ್ಕೆ ಬಂದ ದಿನವಂತೂ ಕೇಳಬೇಡಿ. ನಾನು ಮಾವನವರ ಎಲೆಗೆ ಸಾರು ಬಿಡುತ್ತಿದ್ದೆ. ‘ಸಾಕು’ ಅಂತ ಅವರು ಮುಷ್ಟಿ ಎತ್ತಿದರು. ಅದೇ ಗಳಿಗೆಗೆ ಎದುರು ಕೂತ ಬೀಗರು ಎರಡನೇ ಮುದ್ದೆಗೆ ಕೈಚಾಚಬೇಕೇ? ಪಾಪ, ಚಾಚಿದ ಕೈ ಹಿಂದಕ್ಕೆಳೆದುಕೊಂಡು ನನ್ನನ್ನು ಕೇಳಿದರು: “ಯಾಕವ್ವ, ನಿಮ್ಮೂರಲ್ಲಿ ಎರಡ್ನೇ ಮುದ್ದೆ ಕೇಳುದ್ರೆ ಗುದ್ತಾರಾ?”

ಬೆಳಗಿನ ಪೂಜೆಯಲ್ಲಿ ನಾನು ತಾಳ ಹಾಕುತ್ತಾ ದೇವರನಾಮ ಹೇಳಿಕೊಳ್ಳುತ್ತಿದ್ದೆ. ಮಾವ ಬಾಗಿಲಲ್ಲಿ ಕೂತು ದಿನವೂ ಹೆಬ್ಬೆರಳೆತ್ತುವರು. ಹಿರಿಯರ ಮಾತು ಮೀರುವುದುಂಟೇ? ಜೋರು ಮಾಡಿದೆ. ಮತ್ತೆ ಹೆಬ್ಬೆರಳು! ಕೊನೆಗೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, “ಅಕ್ಕಾ, ನಿಮ್ ದೇವ್ರಿಗೇನು ಕಿವಿ ಕೇಳಕ್ಕಿಲ್ವಾ?” ಎಂದಳು.

ಮರುವರ್ಷ ನನ್ನ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಆಯಿತು. ಡಾಕ್ಟರು ತಿಂಗಳು ಮಾತಾಡಬೇಡಿ ಎಂದರು, ಆಡಲಿಲ್ಲ. ಆ ತಿಂಗಳು ಮನೆಯವರೆಲ್ಲ ನನ್ನೊಂದಿಗೆ ಒದ್ದಾಡಿದರು, ಮಾವನವರೊಬ್ಬರನ್ನು ಬಿಟ್ಟು. ನಾವಿಬ್ಬರೂ ಕೈಯಲ್ಲೇ ಹರಟೆ ಹೊಡೆದೆವು! ತಿಂಗಳು ಮುಗಿದರೂ ಬಾಯಿ ತೆರೆದರೆ ಬರೀ ಗಾಳಿ. ಅನ್ನ ನುಂಗಲು ಆಗುತ್ತಿದೆಯಲ್ಲ, ಅದೇ ಭಗವಂತನ ಕೃಪೆ ಎಂದುಕೊಂಡೆ. ಆದರೆ ಹಾಡು? ಆದಿಚುಂಚನಗಿರಿಗೆ ಹರಕೆ ಹೊತ್ತೆ. ಪೂಜೆಗೆ ದೀಪ ಹಚ್ಚಿದವಳೇ ಕಣ್ಣೊರೆಸಿಕೊಂಡು ಎದ್ದುಬಿಡುತ್ತಿದ್ದೆ.

ಒಂದು ಬೆಳಿಗ್ಗೆ ಹಾಗೆ ಏಳುವಾಗ, ಬಾಗಿಲಲ್ಲಿದ್ದ ಮಾವ ಅಂಗೈ ಒತ್ತಿ ಕೂರಿಸಿದರು. ನಾನು ಗಂಟಲು ಮುಟ್ಟಿ, ಕೈಯಾಡಿಸಿದೆ. ಅವರು ತಮ್ಮ ಕಿವಿ ಮುಟ್ಟಿ, ಹಾಗೆಯೇ ಕೈಯಾಡಿಸಿದರು. ನನಗೆ ತಿಳಿಯಲಿಲ್ಲ.

“ರಿಟೈರಾಗಕ್ ಮುಂಚಿಂದ್ಲೂ ನಂಗೇನೂ ಕೇಳಕ್ಕಿಲ್ಲ ಕಣವ್ವ,” ಎಂದರು ಮೆಲ್ಲಗೆ. “ಯಾರ್ಗೂ ಯೋಳಿರ್ಲಿಲ್ಲ. ಬಾಯ್ ನೋಡ್ಕಂಡು ತಳ್ದೆ. ನಿನ್ ಆಡು ಒಂದಿನಾನೂ ಕೇಳಿಲ್ಲ. ನೀ ತಾಳ ಆಕದ್ ನೋಡೇ ನಂಗೆ ಬೆಳಕರೀತಿತ್ತು. ಆಕವ್ವ.”

ತಾಳ ಹಾಕಿದೆ. ತುಟಿ ಆಡಿಸಿದೆ. ದೀಪದ ಕುಡಿಯೂ ಅಲುಗದಷ್ಟು ಮೌನ.

ಮಾವ ಹೆಬ್ಬೆರಳೆತ್ತಿದರು.

ನಾನು ಇನ್ನಷ್ಟು ಜೋರಾಗಿ ಹಾಡಿದೆ.