ಅರವತ್ತಕ್ಕೆ ನಡುಗುವ ಮುಂದಿನ ಗಾಲಿಗಳ ಸನ್ನಿಧಿಗೆ

ಮಾನ್ಯರೇ,

ನಮ್ಮ ಗಾಜಿನಂಗಡಿಯ ಹಳೇ ಪಿಕಪ್ಪಿನ ಮುಂದಿನ ಎಡಗಾಲಿಯವರಿಗೂ ಬಲಗಾಲಿಯವರಿಗೂ, ಪಂಕ್ಚರಿನ ಲೆಕ್ಕದಲ್ಲಿ ಹಿರಿಯರಾದ್ದರಿಂದ ಮೊದಲು ಎಡಗಾಲಿಯವರಿಗೆ, ಅಂಗಡಿಯವನ ಸಾಷ್ಟಾಂಗ ನಮಸ್ಕಾರಗಳು. ತಾವು ತಕ್ಕಷ್ಟು ಗಾಳಿ ತುಂಬಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಗುಜರಿಯವರು ತಮ್ಮನ್ನೂ ತಮ್ಮ ಮೇಲಿರುವ ಗಾಡಿಯನ್ನೂ ಎಳೆದೊಯ್ಯಲು ಬರುತ್ತಿರುವುದರಿಂದ ಈ ಬಹಿರಂಗ ಪತ್ರವನ್ನು ಸ್ವಲ್ಪ ಬೇಗ ಓದಿಕೊಳ್ಳಬೇಕಾಗಿ ವಿನಂತಿ.

ಗಂಟೆಗೆ ಐವತ್ತೊಂಬತ್ತು ಕಿಲೋಮೀಟರಿನವರೆಗೆ ತಮ್ಮ ನಡತೆ ಹೊಸ ಅಳಿಯನ ನಡತೆಯಂತಿರುತ್ತದೆ ಎಂಬುದನ್ನು ಯಾರು ಬೇಕಾದರೂ ಒಪ್ಪುತ್ತಾರೆ. ಅರವತ್ತು ಮುಟ್ಟಿತೋ, ಸ್ಟೀರಿಂಗಿಗೆ ಚಳಿಜ್ವರ ಹತ್ತಿ, ಡ್ಯಾಶ್‌ಬೋರ್ಡಿನ ಮೇಲಿಟ್ಟ ನನ್ನ ಕನ್ನಡಕ ತಾನಾಗಿ ತೆವಳಿಕೊಂಡು ಬಂದು ಮಡಿಲಲ್ಲಿ ಕೂರುತ್ತದೆ. ಎಪ್ಪತ್ತೈದು ದಾಟಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶಾಂತಿ. ಈ ನಡುವಿನ ಹದಿನೈದರಲ್ಲಿ ತಾವು ಒಡೆದ ಕಿಟಕಿ ಗಾಜುಗಳನ್ನು ಜೋಡಿಸಿದರೆ ಒಂದು ಇಡೀ ಆಸ್ಪತ್ರೆಗೆ ಸಾಕು. ಆದ್ದರಿಂದ ತಾವು ಐವತ್ತೊಂಬತ್ತರಿಂದ ಒಂದೇ ನೆಗೆತಕ್ಕೆ ಎಪ್ಪತ್ತಾರಕ್ಕೆ ಹಾರುವ ಅಭ್ಯಾಸ ಮಾಡಿಕೊಳ್ಳಬೇಕೆಂದು ಹೋದ ತಿಂಗಳೇ ಕೇಳಿಕೊಳ್ಳಬೇಕೆಂದಿದ್ದೆ.

ತಮ್ಮ ಆರೋಗ್ಯಕ್ಕಾಗಿ ನಾವು ಪಟ್ಟ ಪಾಡು ತಮಗೇ ಗೊತ್ತು. ಬೇರಿಂಗ್ ಹೋಗಿದೆ ಎಂದು ನನ್ನ ಭಾವಮೈದ ಕಿವಿಯಿಟ್ಟು ಕೇಳಿ ಹೇಳಿದ, ಬೇರಿಂಗ್ ಬದಲಾಯಿತು. ಬಾಲ್ ಜಾಯಿಂಟ್ ಸಡಿಲವಾಗಿದೆ ಎಂದು ಎದುರು ಬೇಕರಿಯವರು ರಸ್ತೆಯಾಚೆಯಿಂದಲೇ ಕಂಡುಹಿಡಿದರು, ಅದೂ ಬದಲಾಯಿತು. ಇಪ್ಪತ್ತು ವರ್ಷಗಳಿಂದ ನನ್ನ ಗೆಳೆಯನಾದ ಮೆಕ್ಯಾನಿಕ್ ಮೇಸ್ತ್ರಿ ಮಾತ್ರ ಇದು ಬ್ಯಾಲೆನ್ಸಿನ ತೊಂದರೆಯೆಂದು ಹಟ ಹಿಡಿದು, ಮೂರು ಶನಿವಾರ ತಮ್ಮನ್ನು ಯಂತ್ರದ ಮೇಲೆ ತಿರುಗಿಸಿ ತೂಕ ಕೂರಿಸಿಕೊಟ್ಟ. ಶನಿವಾರ ಸಂಜೆ ಹಾಲಿನ ಮೇಲೆ ಕೆನೆ ಹೋದಂತೆ ಹೋಗುತ್ತಿದ್ದ ತಾವು ಸೋಮವಾರಕ್ಕೆ ಯಥಾಪ್ರಕಾರ ಕುಣಿದಿರಿ.

ಮೂರನೇ ಸಲ ಮೇಸ್ತ್ರಿ ತಲೆ ಕೆರೆದುಕೊಂಡು, ಹಾಕಿದ ತೂಕ ಒಂದೂ ಇಲ್ಲವಲ್ಲ, ಮನೇಲಿ ಯಾರಾದ್ರೂ ಕೀಳ್ತಿದಾರೇನಯ್ಯಾ ಎಂದು ಕೇಳಿದಾಗ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ತೂಕವೆಂದರೆ ತಕ್ಕಡಿಯ ಬಟ್ಟಿನಂಥದ್ದು, ಟೈರಿನೊಳಗೆಲ್ಲೋ ಇರುತ್ತದೆ ಎಂದುಕೊಂಡಿದ್ದ ನಾನು, ನಮ್ಮನೇಲಿ ಅಂಥ ಹುಚ್ಚರು ಯಾರೂ ಇಲ್ಲ, ಕುಣಿಯಕ್ಕೆ ಬರದೋರು ನೆಲ ಡೊಂಕು ಅಂದ್ರಂತೆ ಎಂದು ಗ್ಯಾರೇಜಿನ ತುಂಬ ಜನರಿರುವಾಗಲೇ ಕೂಗಾಡಿ ಬಂದೆ. ಮನೆಗೆ ಬಂದರೆ ನನ್ನ ಹೆಂಡತಿ, ಶಾಲೆಯ ಕಿಟಕಿಗೆಂದು ಹೊರಟ ಗಾಜೂ ದಾರಿಯಲ್ಲೇ ಚೂರಾದ ಸುದ್ದಿ ಕೇಳಿ, ಇನ್ನು ಈ ಗಾಡಿ ಇರಬೇಕು ಇಲ್ಲಾ ನಾನಿರಬೇಕು ಎಂದು ಗುಜರಿಯವರಿಗೆ ಫೋನು ಮಾಡಿಬಿಟ್ಟಳು. ಗಾಡಿ ಹೋದರೆ ಅಂಗಡಿಗೆ ಕಾಲೇ ಇಲ್ಲ ಎಂದು ನಾನು ಅತ್ತಿದ್ದು ನಿಜ.

ಕೊನೆಯ ಸಲ ಚೊಕ್ಕವಾಗಿ ಕಳಿಸೋಣವೆಂದು ಇಂದು, ಪ್ರತಿ ಭಾನುವಾರದಂತೆ, ತಮಗೆ ಸ್ನಾನ ಮಾಡಿಸಲು ಕುಳಿತೆ. ಮೂವತ್ತು ವರ್ಷ ಕಿಟಕಿ ಚೌಕಟ್ಟಿನಿಂದ, ಗಾಜು ಅಂಟಿಸಿ ಒಣಗಿದ ಪುಟ್ಟಿ ಕೆರೆದ ಕೈ ಇದು. ಅಂಚಿನಲ್ಲಿ ಬೂದು ಬಣ್ಣದ ಗಂಟು ಕಂಡರೆ ಸುಮ್ಮನಿರಲಾರದು. ಎಂದಿನಂತೆ ಪುಟ್ಟಿ ಚೂರಿಯಿಂದ ರಿಮ್ಮಿನ ಅಂಚಿನ ಗಂಟೊಂದನ್ನು ಎಬ್ಬಿಸಿದೆ. ಅದು ಸಿಮೆಂಟು ನೆಲಕ್ಕೆ ಬಿದ್ದು ಠಣ್ ಎಂದಿತು. ಪುಟ್ಟಿ ಪುಡಿಯಾಗುತ್ತದೆಯೇ ಹೊರತು ಠಣ್ ಎನ್ನುವುದಿಲ್ಲ. ಎತ್ತಿ ನೋಡಿದರೆ ಸೀಸದ ತುಂಡು, ಅದರ ಮೇಲೆ ಇಪ್ಪತ್ತು ಗ್ರಾಂ ಎಂದು ಅಚ್ಚು, ಮೇಸ್ತ್ರಿ ಕೂರಿಸಿದ ತೂಕವೇ. ಕಸದ ಡಬ್ಬಿಯಲ್ಲಿ ಅದರ ಅಣ್ಣತಮ್ಮಂದಿರು ಇನ್ನೂ ಹನ್ನೊಂದು. ಅಯ್ಯೋ ನನ್ನ ಕರ್ಮವೇ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನು.

ಮಾನ್ಯರೇ, ಇಂಥ ಹೊತ್ತಿನಲ್ಲಿ ದೊಡ್ಡವರು ದೊಡ್ಡತನ ತೋರಿಸಬೇಕು. ಆ ಸೀಸದ ತುಂಡುಗಳನ್ನು ತಾವೇ, ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಉದುರಿಸಿಕೊಂಡಿರೆಂದು ಬೆಳಿಗ್ಗೆ ಹತ್ತರೊಳಗೆ ನನ್ನ ಹೆಂಡತಿಯೆದುರು ಒಪ್ಪಿಕೊಳ್ಳಬೇಕು. ನಾನೇ ಒಪ್ಪಿಕೊಂಡರೆ ಗಾಡಿ ಉಳಿಯುತ್ತದೆ, ನಿಜ, ಆದರೆ ಮೇಸ್ತ್ರಿಗೆ ಮುಖ ತೋರಿಸುವುದು ಹೇಗೆ? ಬಹಿರಂಗ ಪತ್ರವೆಂದ ಮೇಲೆ ಎಲ್ಲರ ಕಣ್ಣಿಗೂ ಬೀಳಬೇಕೆಂಬ ನಿಯಮಕ್ಕೆ ತಲೆಬಾಗಿ, ಇದನ್ನು ಗಾಡಿಯ ಬಾಗಿಲಿಗೇ, ಗೋಡೆಯ ಕಡೆಗಿರುವ ಬಾಗಿಲಿಗೆ, ಅಂಟಿಸಿದ್ದೇನೆ.

ಇಂತು ನಡುಗುತ್ತಿರುವ,
ತಮ್ಮ ವಿಶ್ವಾಸಿ,
ಗಾಜಿನಂಗಡಿಯವನು

ತಾ.ಕ.: ಮಾನ್ಯ ಗಾಲಿಗಳೇ, ಇದು ಅಂಗಡಿಯವರ ಹೆಂಡತಿಯ ಕೈಬರಹ. ಗುಜರಿಯವರಿಗೆ ಬರಬೇಡಿ ಎಂದು ಹೇಳಿದ್ದೇನೆ. ಇನ್ನು ಮೇಲೆ ತಮ್ಮ ಸ್ನಾನ ನನ್ನ ಪಾಲಿಗಿರಲಿ. ಬೆಳಿಗ್ಗೆ ಇವರನ್ನು ಮೇಸ್ತ್ರಿಯ ಗ್ಯಾರೇಜಿಗೆ ಕರೆದೊಯ್ದು, ಅವತ್ತು ನಿಂತ ಜಾಗದಲ್ಲೇ, ಅವತ್ತಿನಷ್ಟೇ ಗಟ್ಟಿಯಾಗಿ ತಪ್ಪಾಯಿತು ಎನ್ನಿಸಿ ಕರೆತನ್ನಿ. ನಿಧಾನವಾಗಿಯೇ ಹೋಗಿ. ಇಪ್ಪತ್ತರ ವೇಗದಲ್ಲೂ ಸ್ಟೀರಿಂಗು ನಡುಗಿದರೆ ತಾವು ಗಾಬರಿಯಾಗಬೇಡಿ, ಅದು ಇವರ ಕೈ.