ರೊಟ್ಟಿ ಸಪ್ಪಳದ ದಾವೆ

ಕೆಳಗಿನ ಮನೆಯ ಏಕನಾಥನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಲಿಫ್ಟಿನಲ್ಲಿ ಕಾರಣವಿಲ್ಲದೆ ನಗುವ ಮನುಷ್ಯನನ್ನು ಹೇಗೆ ನಂಬುವುದು? ಕೊನೆಗೂ ಅವನ ಬಣ್ಣ ಬಯಲಾಯಿತು. ಬೆಳಗಿನ ಐದಕ್ಕೆ ನನ್ನ ಹೆಂಡತಿ ಗೌರಾಬಾಯಿ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೆ ತನ್ನ ನಿದ್ದೆ ಕೆಡುತ್ತದೆಂದು ನ್ಯಾಯಮಂಡಳಿಗೆ ದೂರು ಕೊಟ್ಟ. ಪುಣೆಯ ಖರಾಡಿಯ ಈ ಫ್ಲ್ಯಾಟಿನಲ್ಲಿ ನನಗಿರುವ ಏಕೈಕ ಐಹಿಕ ಸುಖ ಆ ಬಿಸಿ ರೊಟ್ಟಿ. ಪಾಪಿ ಅದಕ್ಕೇ ಕಣ್ಣು ಹಾಕಿದ್ದ.

ವಿಚಾರಣೆಯೆಂದರೆ ಕಟಕಟೆ, ಸುತ್ತಿಗೆ, ಗುಡುಗು ಎಂದುಕೊಂಡು ನಾನು ಮದುವೆಯ ಕೋಟು ಹಾಕಿಕೊಂಡು ಹೋದೆ (ಗುಂಡಿ ಕೂಡಲಿಲ್ಲ, ಅದು ಬೇರೆ ಮಾತು). ನೋಡಿದರೆ ಒಂದು ಉದ್ದನೆಯ ಮೇಜು, ಗಿರಗುಟ್ಟುವ ಫ್ಯಾನು, ಕನ್ನಡಕದ ಒಬ್ಬರು ಮೇಡಂ. ಎಲ್ಲರನ್ನೂ ಕೂರಿಸಿ, ನೀರು ಬೇಕೇ ಎಂದು ವಿಚಾರಿಸಿದರು. ಉಪಚಾರ ಮಾಡುವ ನ್ಯಾಯಾಲಯವನ್ನು ನಾನಂತೂ ನಂಬುವವನಲ್ಲ. ಒಳಗೆ ಕರೆಯುವ ಮೊದಲು ಹೊರಗೆ ಬೆಂಚಿನ ಮೇಲೆ ಗೌರಾಬಾಯಿ ಏಕನಾಥನ ಹೆಂಡತಿಯ ಜೊತೆ ಗುಸುಗುಸು ನಡೆಸಿದ್ದನ್ನೂ ನಾನು ಗಮನಿಸಿದ್ದೆ.

ಏಕನಾಥ ತನ್ನ ಗೋಳು ಹೇಳಿದ. ನನ್ನ ಸರದಿ ಬಂತು. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ನನ್ನ ಹರಕುಮುರುಕು ಮರಾಠಿಯಲ್ಲಿ, ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದೇ ಇಲ್ಲ, ನಾನು ತಿನ್ನುವುದು ಬರೀ ಚಪಾತಿ ಎಂದುಬಿಟ್ಟೆ.

ಪಕ್ಕದಲ್ಲೇ ಕೂತಿದ್ದ ಗೌರಾಬಾಯಿ ನನ್ನ ತೊಡೆ ಚಿವುಟಿದಳು. "ಇಷ್ಟ್ ದೊಡ್ಡ ಸುಳ್ಳ ಹೇಳ್ತೀರಲ್ರಿ, ನಾಚಿಕಿ ಬರೂದಿಲ್ಲೇನು?"

"ಸುಮ್ಕಿರ. ನಮ್ಮ ಕನ್ನಡ ಇಲ್ಲಿ ಯಾರಿಗಿ ತಿಳೀತದ? ಕೇಸ್ ಮುಗೀಲಿ, ನಾಳಿಂದ ನಾಕಕ್ಕ ಬಡಿ."

(ಪುಣೆಯಲ್ಲಿ ನಾವು ತರಕಾರಿ ಚೌಕಾಶಿಯಿಂದ ಬೀಗರ ನಿಂದೆಯವರೆಗೆ ಎಲ್ಲವನ್ನೂ ಹೀಗೇ, ಅವರವರ ಎದುರಿಗೇ ಮಾಡುವುದು.)

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ನಾಕಕ್ಕ ಬ್ಯಾಡ್ರಿ, ಈರಬಸಪ್ಪನವರ. ನನ್ನ ತವರಮನಿ ಅಕ್ಕಲಕೋಟ. ನಮ್ಮವ್ವನೂ ಐದಕ್ಕೇ ಬಡೀತಿದ್ಳು."

ನಾನು ಕೋಟಿನ ಕೂಡದ ಗುಂಡಿಯನ್ನು ಕೂಡಿಸಲು ಎಳೆಯತೊಡಗಿದೆ. ಅವರು ಗೌರಾಬಾಯಿಯತ್ತ ತಿರುಗಿದರು. "ನೀವ ಹೇಳ್ರಿ, ಅಕ್ಕಾರ."

"ಖರೇನ ಹೇಳ್ತೀನ್ರಿ. ದಿನಾ ಬಡೀತೀನಿ. ಇನ್ನ ಮ್ಯಾಲ ಏಳರ ನಂತರ ಬಡೀತೀನಿ. ಕೆಳಗಿನವರಿಗೂ ಎರಡ್ ಬಿಸಿ ರೊಟ್ಟಿ ಕಳಸ್ತೀನಿ."

ಮೇಡಂ ಅದನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಏಕನಾಥ ಒಪ್ಪಿಕೊಂಡ. ಇಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ. ರಾಜಿಗೆ ಸಹಿಯಾಯಿತು. ಆದೇಶದ ಪ್ರತಿ ಆಮೇಲೆ ಬರುತ್ತದೆ ಎಂದರು. ಮತ್ತೆ ಸುಳ್ಳು ಹೇಳಿದರೆ ಸುಮ್ಮನೆ ಬಿಡುವುದಿಲ್ಲವೆಂದು ನನ್ನನ್ನು ಗದರಿಸಿ ಕಳಿಸಿದರು. ಹೋಗಲಿ, ರೊಟ್ಟಿ ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಮರುದಿನ ಏಳಕ್ಕೆ ಅಡುಗೆಮನೆಯಿಂದ ಪಟಪಟ ಸಪ್ಪಳ ಬಂತು. ತಟ್ಟೆ ಹಿಡಿದು ಕೂತೆ. ತಟ್ಟೆಗೆ ಬಿದ್ದದ್ದು ಚಪಾತಿ.

"ರೊಟ್ಟಿ ಎಲ್ಲೇ?"

"ಬರೀ ಚಪಾತಿ ತಿಂತೀನಿ ಅಂತ ಪ್ರಮಾಣ ಮಾಡಿ ಹೇಳೀರಿ. ಮೇಡಂ ಬರಕೊಂಡಾರ. ಕಟ್ಟಿಕೊಂಡ ಗಂಡನ್ನ ಸುಳ್ಳುಗಾರನ್ನ ಮಾಡ್ಲೇನು? ಏಳ್ರಿ, ಈ ರೊಟ್ಟಿ ಆರೂದ್ರಾಗ ಕೆಳಗ ಕೊಟ್ಟ್ ಬರ್ರಿ."

ಡಬ್ಬಿ ಹಿಡಿದು ಮೆಟ್ಟಿಲಿಳಿದೆ. ಏಕನಾಥ ಸ್ನಾನ, ಪೂಜೆ ಮುಗಿಸಿ ಹಣೆಗೆ ಗಂಧ ಇಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ಮುಚ್ಚಳ ತೆಗೆದು ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡ. ನಾಳೆಯಿಂದ ಇನ್ನಷ್ಟು ಬೇಗ ತಂದರೂ ನಡೆಯುತ್ತದೆ, ತಾನು ಹೇಗೂ ನಾಲ್ಕೂವರೆಗೇ ಏಳುವವನು ಎಂದ.