ಬಾಣಂತಿಗೊಂದು ಬುಟ್ಟಿ ಮಲ್ಲಿಗೆ

ಜಗದೇವಪ್ಪನ ತಲೆಯಲ್ಲಿ ಹೂವಿನ ಹುಳ ಬಿಟ್ಟವರು ಅವನ ಕಚೇರಿಯ ಪೇಶ್ಕಾರ ಬುರ್ಹಾನುದ್ದೀನ್ ಸಾಹೇಬರು. ಕೆಡುಕು ಬಯಸಿ ಅಲ್ಲ. ಗುರುವಾರ ಸಂಜೆ, ಕಚೇರಿ ಮುಚ್ಚುವ ಹೊತ್ತಿನಲ್ಲಿ, ಪಾನು ಅಗಿಯುತ್ತ ಸುಮ್ಮನೆ ಆಡಿದ ಮಾತು. ಆ ಒಂದು ಮಾತಿನಿಂದ ಮರುದಿನ ಕಲಬುರಗಿಯಿಂದ ಕಮಲಾಪುರದವರೆಗಿನ ಸಡಕೇ ಅಲ್ಲಾಡಿಹೋಯಿತು. ನಿಜಾಮರ ರಾಜ್ಯದಲ್ಲಿ ಹೂವಿನಿಂದ ಅಷ್ಟು ದೊಡ್ಡ ಗದ್ದಲ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಬೇಕಾದರೆ ಮೋಮಿನಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ.

"ಹೈದ್ರಾಬಾದದಾಗ ದೊಡ್ಡ ಮಂದಿ ಮನ್ಯಾಗ ಬಚ್ಚಾ ಹುಟ್ಟಿದ್ರ ಏನ್ ಕಳಿಸ್ತಾರ, ಗೊತ್ತದೇನು ಜಗದೇವಪ್ಪ?" ಎಂದರು ಸಾಹೇಬರು.

"ಕೊಬ್ಬರಿ, ಖಾರೀಕು ಕಳಿಸ್ತಾರ್ರಿ ಹುಜೂರ್."

"ಅದು ಹಳ್ಳಿ ರಿವಾಜು. ಫೂಲ್ ಕಳಿಸ್ತಾರ, ಫೂಲ್. ಬುಟ್ಟಿ ತುಂಬ. ತಾಯಿ-ತಂದಿ ಇಬ್ಬರ ದಿಲ್ಲೂ ಖುಷ್ ಆಗಿಬಿಡ್ತದ. ಆಮ್ಯಾಲ ಅವರ ಕಡಿಂದ ಏನ್ ಬೇಕು ಕೇಳು, ಇಲ್ಲ ಅನ್ನಂಗಿಲ್ಲ."

ಜಗದೇವಪ್ಪನಿಗೆ ಬೇಕಾದದ್ದು ಒಂದಿತ್ತು. ಅದು ಕಮಲಾಪುರದಲ್ಲಿತ್ತು. ಅದರ ಹೆಸರು ಶಂಕ್ರಮ್ಮ. ಬಾಳೆತೋಟದ ದೌಲಪ್ಪನ ತಂಗಿ. ಅವಳು ಕೊಡ ಹಿಡಿದು ಬಾವಿಗೆ ಇಳಿದರೆ ನೀರೇ ಎರಡು ಮೆಟ್ಟಿಲು ಮೇಲೆ ಹತ್ತಿ ಬರುತ್ತಿತ್ತಂತೆ. ಅವಳನ್ನು ಕೇಳಿದವರು ಇಬ್ಬರು. ಒಬ್ಬ ಕಚೇರಿಯ ಗುಮಾಸ್ತ ನಮ್ಮ ಜಗದೇವಪ್ಪ. ಇನ್ನೊಬ್ಬ ಗಂಜ್ ಪೇಟೆಯಲ್ಲಿ ಬೆಲ್ಲದ ದುಕಾನಿಟ್ಟ ಕಲ್ಯಾಣಪ್ಪ. ದೌಲಪ್ಪನಿಗೆ ಇಬ್ಬರೂ ಒಪ್ಪಿಗೆಯೇ, ಹಾಗಾಗಿ ಯಾರಿಗೂ ಹೂಂ ಅಂದಿರಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿ ವಿಮಲಾಬಾಯಿ ಗಂಡುಮಗು ಹೆತ್ತಳು. "ಐದನೇ ದಿನದ ಪೂಜಾಕ್ಕ ಇಬ್ಬರೂ ಬರ್ರಿ. ಉಂಡು ಹೋಗ್ರಿ. ಅವತ್ತೇ ಒಂದು ಮಾತು ಹೇಳಿ ಮುಗಿಸ್ತೀನಿ" ಎಂದು ಹೇಳಿ ಕಳಿಸಿದ್ದ. ಆ ಐದನೇ ದಿನವೇ ನಾಳಿನ ಶುಕ್ರವಾರ. ಕಚೇರಿಗೂ ರಜೆ.

ಬೆಳಗಾಗುತ್ತಲೇ ಜಗದೇವಪ್ಪ ಮೋಮಿನಪುರದ ನಬಿಸಾಬನ ಹೂವಿನಂಗಡಿಯ ಮುಂದೆ ನಿಂತಿದ್ದ. ನಬಿಸಾಬ್ ದಾರವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಹೂ ಕಟ್ಟುವವನು. ಅವನು ಒಂದು ಸಲ ನಿದ್ದೆಯಲ್ಲಿ ಕಟ್ಟಿದ ಮಾಲೆ ರೈಲು ಸ್ಟೇಷನ್ ಮುಟ್ಟಿತ್ತೆಂದು ಓಣಿಯವರು ಆಣೆ ಮಾಡಿ ಹೇಳುತ್ತಾರೆ.

"ಕೂಸು ಹುಟ್ಟ್ಯಾದ. ತಾಯಿ-ತಂದಿಗೆ ಹೂವು ಕಳಿಸಬೇಕು. ಯಾವುದು ಛಲೋ?" ಎಂದ ಜಗದೇವಪ್ಪ.

ನಬಿಸಾಬ್ ಒಂದು ಕಣ್ಣು ತೆರೆದ. "ಕೂಸು ಹುಟ್ಟಿದ್ದಕ್ಕ ಹೂವು? ಶಾದಿಗೆ ಒಯ್ತಾರ, ದರ್ಗಾಕ್ಕ ಒಯ್ತಾರ, ಸತ್ತಾಗ ಮಯ್ಯತ್ತಿಗೆ ಒಯ್ತಾರ. ಹುಟ್ಟಿದ್ದಕ್ಕ ನಮ್ಮ ಅಪ್ಪನೂ ಮಾರಿಲ್ಲ ಬಿಡ್ರಿ."

"ಹೈದ್ರಾಬಾದ ರಿವಾಜು ಇದು. ಗುಲಾಬಿ ಕೊಡು."

"ಗುಲಾಬಿ ಅಷ್ಟೂ ದರ್ಗಾದ ಚಾದರಕ್ಕ ಮಾತಾಗ್ಯಾವ."

"ಚೆಂಡು ಹೂವು?"

"ಕುದುರಿ ಕೊರಳಿಗೆ ಹಾಕ್ತಾರ. ಬಾಣಂತಿ ಕುದುರಿ ಏನ್ರಿ?"

"ಕಣಗಿಲಿ?"

"ಕೂಸಿನ ಬಾಯಾಗ ಹೋದ್ರ ನನ್ನ ಹೆಸರು ಹೇಳಬ್ಯಾಡ್ರಿ. ಜಹರ್ ಅದು. ಮಲ್ಲಿಗಿ ಒಯ್ರಿ. ನಸುಕಿನ್ಯಾಗ ಹರದದ್ದು. ಮಲ್ಲಿಗಿಗೆ ಬ್ಯಾಡ ಅಂದ ಹೆಂಗಸು ಇನ್ನೂ ಹುಟ್ಟಿಲ್ಲ." ಒದ್ದೆ ಬಟ್ಟೆ ಹಾಸಿ ಬುಟ್ಟಿ ತುಂಬುತ್ತ ನಬಿಸಾಬ್ ಗಿರಾಕಿಯ ಮೋರೆ ನೋಡಿದ. ಅದರ ಮೇಲೆ ಶಂಕ್ರಮ್ಮನ ಹೆಸರು ದಪ್ಪಕ್ಷರದಲ್ಲಿತ್ತು. "ಸಮಝ್ಯಾತು ಬಿಡ್ರಿ. ಕಮಲಾಪುರದಾಗ ನಿಮ್ಮ ಶಾದಿ ಕುದುರ್ಲಿ, ಹಣಿಗೆ ಕಟ್ಟೂ ಸೆಹ್ರಾ ನಾನೇ ಕೈಯಾರೆ ಕಟ್ತೀನಿ. ಜುಬಾನ್ ಕೊಟ್ಟೀನಿ, ನೋಡ್ರಿ."

ಕಮಲಾಪುರಕ್ಕೆ ಹೋಗುವ ಸರ್ವಿಸ್ ಮೋಟಾರು ಹೊರಟಿತೆಂದರೆ ಬೀದರ ಕೋಟೆಯ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಮಂದಿ, ಕೋಳಿ, ಮೂಟೆ ಎಲ್ಲ ಒಂದರ ಮೇಲೊಂದು. ಅದರೊಳಗೆ ಜಗದೇವಪ್ಪ ಬುಟ್ಟಿಯನ್ನು ಹೊಟ್ಟೆಗೆ ಅಪ್ಪಿಕೊಂಡು ಕುಳಿತ. ಆ ಘಮಕ್ಕೆ ಸೀಟಿನ ಕೆಳಗಿನ ಹುಂಜ ಎಚ್ಚರತಪ್ಪಿ, ಊರು ದಾಟಿದ ಮೇಲೆ ಕಣ್ಣುಬಿಟ್ಟಿತು.

ಮುಂದೆ, ಡ್ರೈವರನ ಪಕ್ಕದಲ್ಲಿ, ಇಂಜಿನ್ನಿನ ಭೋರಾಟದ ಬಾಯಲ್ಲೇ ಕುಳಿತಿದ್ದವನು ಕಲ್ಯಾಣಪ್ಪ. ಒಳ್ಳೆಯ ಹುಡುಗ, ಮಾತು ಕಡಿಮೆ, ತಲೆ ಇನ್ನೂ ಕಡಿಮೆ. ಬುದ್ಧಿಯ ಮಾತಲ್ಲ, ಗಾತ್ರದ ಮಾತು: ಲಿಂಬೆಕಾಯಿಯಷ್ಟೇ ತಲೆ. ಕೂಸಿಗೆಂದು ಜರಿ ಅಂಚಿನ ಕುಲಾಯಿ ಹೊಲಿಸಿಕೊಂಡು ಬಂದಿದ್ದ. ಬಿಸಿಲು ಏರಿತೆಂದು ಅದನ್ನೇ ತನ್ನ ತಲೆಗೆ ಹಾಕಿಕೊಂಡ. ಅಳತೆ ಸರಿಯಾಗಿಯೇ ಕೂತಿತು. ಆದರೆ ಇಳಿಜಾರಿನಲ್ಲಿ ಬೀಸಿದ ಗಾಳಿಗೆ ಕುಲಾಯಿ ಹಾರಿ, ಸಡಕಿನ ಬದಿಯ ಎಮ್ಮೆಯೊಂದರ ಕೊಂಬಿಗೆ ಸಿಕ್ಕಿತು. ಎಮ್ಮೆ ಅದನ್ನು ಧರಿಸಿಕೊಂಡು ಜೋಳದ ಹೊಲದಲ್ಲಿ ಮಾಯವಾಯಿತು.

ಜಗದೇವಪ್ಪನ ಎದೆ ಅರಳಿತು. ಪ್ರತಿಸ್ಪರ್ಧಿಯ ಕೈ ಖಾಲಿ. ತನ್ನದು ಬುಟ್ಟಿ ತುಂಬ. ಸರಿಯಾಗಿ ಆಗಲೇ ಹಿಂದಿನ ಸೀಟಿನಿಂದ ಒಂದು ಮೂಗು ಬುಟ್ಟಿಯ ಮೇಲೆ ಬಾಗಿತು. ಅದು ಅವನ ಪಕ್ಕದ ಮನೆಯ ಬಂಡಮ್ಮನ ಮೂಗು. ಕಮಲಾಪುರದ ಬೀಗರ ಮನೆಗೆ ಹೊರಟಿತ್ತು. ಆ ಮೂಗಿಗೆ ತಿಳಿಯದೆ ಓಣಿಯಲ್ಲಿ ಒಗ್ಗರಣೆ ಬೀಳುವುದೂ ಕಷ್ಟ.

"ಯಾರಿಗೋ ತಮ್ಮಾ, ಇಷ್ಟು ಮಲ್ಲಿಗಿ?"

"ದೌಲಪ್ಪನ ಮನಿಗೆ ಕಾಕಿ. ವಿಮಲಾಬಾಯಿ ಹಡದಾಳಲ್ಲ, ಅದಕ್ಕ."

ಬಂಡಮ್ಮ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಹಸಿ ಬಾಣಂತಿಗಿ ಮಲ್ಲಿಗಿ ಒಯ್ತಾರೇನೋ ಹುಚ್ಚಪ್ಪಾ. ಮಲ್ಲಿಗಿ ಹಾಲು ಬತ್ತಿಸ್ತದ. ಎಳಿ ಕೂಸು ಏನ್ ಕುಡೀಬೇಕು? ದೌಲಪ್ಪನ ಅವ್ವ ಅನ್ನಮ್ಮ ಅದಾಳಲ್ಲ, ಬುಟ್ಟಿ ನೋಡಿದ್ಲಂದ್ರ ಹೊಸ್ತಿಲ ಒಳಗ ಕಾಲಿಡಗೊಡಂಗಿಲ್ಲ. ಹೆಣ್ಣು ಕೊಡೂದು ದೂರ ಉಳೀತು."

ಜಗದೇವಪ್ಪನಿಗೆ ಬುಟ್ಟಿಯೊಳಗೆ ಹೂವಲ್ಲ, ನಾಗರಹಾವಿನ ಮರಿಗಳು ಇದ್ದಂತಾಯಿತು. "ಈಗ ಏನ್ ಮಾಡ್ಲಿ ಕಾಕಿ?"

"ಬಾಳಿ ಹೂವು ಒಯ್ಯಿ. ಅದರ ಪಲ್ಯ ಉಂಡ ಬಾಣಂತಿಗೆ ಹಾಲು ಹೊಳಿ ಹರದಂಗ ಹರೀತದ. ಅದೂ ಹೂವೇ ಅಲ್ಲೇನು?"

ದೇವರು ಕೇಳಿಸಿಕೊಂಡಂತೆ ಕಪನೂರಿನ ಬಾವಿಯ ಬಳಿ ಇಂಜಿನ್ನು ಕುದಿದು ಮೋಟಾರು ನಿಂತಿತು. ಬಾವಿಯ ಪಕ್ಕದಲ್ಲೇ ಒಂದು ಬಾಳೆಯ ತೋಪು. ಜಗದೇವಪ್ಪ ತೋಟದವನ ಕೈಕಾಲು ಹಿಡಿದು, ಸಣ್ಣ ಹಂದಿಮರಿಯಷ್ಟಿದ್ದ ಒಂದು ಬಾಳೆ ಹೂವನ್ನು ಕೊಯ್ಸಿಕೊಂಡು ಬಂದ. ಬಾಳೆಗೇ ಹೆಸರಾದ ಕಮಲಾಪುರಕ್ಕೆ ಬಾಳೆ ಹೂವು ಒಯ್ಯುತ್ತಿದ್ದೇನೆಂಬುದು ಆ ಗಡಿಬಿಡಿಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಮಲ್ಲಿಗೆಯನ್ನು ಬಾವಿಗೆ ಸುರಿಯಬೇಕೆಂದು ಬುಟ್ಟಿ ಎತ್ತಿದ. ನೆರಳಿನಲ್ಲಿ ಕಲ್ಯಾಣಪ್ಪ ಮೋರೆ ಇಳಿಬಿಟ್ಟುಕೊಂಡು ಕುಳಿತಿದ್ದ. "ಬರಿಗೈಲಿ ಹ್ಯಾಂಗ ಹೋಗ್ಲಿ ಜಗದೇವಪ್ಪಣ್ಣ? ಕೂಸಿನ ಮನಿ ಅದು."

ಜಗದೇವಪ್ಪನ ಕೈಯಲ್ಲಿದ್ದ ಬುಟ್ಟಿ ಬಾವಿಯ ಮೇಲೆ ಒಂದು ಗಳಿಗೆ ತೂಗಾಡಿತು. ಮುಂದೆ ಅವನು ಮಾಡಿದ ಕೆಲಸ ಯಾವ ಹರಿಕಥೆಯಲ್ಲೂ ಹೇಳುವಂಥದ್ದಲ್ಲ. ಆದರೆ ಮನಸ್ಸು ಶಂಕ್ರಮ್ಮನ ಮೇಲಿದ್ದಾಗ ಮನುಷ್ಯನ ಕೈ ಅವನ ಮಾತು ಕೇಳುವುದಿಲ್ಲ.

"ತಗೋ ತಮ್ಮಾ," ಎಂದ, ಕಣ್ಣಲ್ಲಿ ನೀರು ತಂದುಕೊಂಡು. "ನನಗ ಬಾಳಿ ಹೂವು ಸಾಕು. ಈ ಮಲ್ಲಿಗಿ ನೀ ಒಯ್ಯಿ. ನೆಟ್ಟಗ ಬಾಣಂತಿ ಮಲಗೋ ಕೋಲಿ ಒಳಗೇ ಕೊಡು, ಹೊರಗ ಇಡಬ್ಯಾಡ."

ಕಲ್ಯಾಣಪ್ಪ ಅವನ ಕಾಲು ಮುಟ್ಟಲು ಬಾಗಿದ. ದೂರದಲ್ಲಿ ನಿಂತಿದ್ದ ಬಂಡಮ್ಮ ಬಾಯಿ ತೆರೆದಳು. ಜಗದೇವಪ್ಪ ತುಟಿಯ ಮೇಲೆ ಬೆರಳಿಟ್ಟ. ಬಂಡಮ್ಮ ಬಾಯಿ ಮುಚ್ಚಿದಳು; ಅವಳ ಆಯುಷ್ಯದಲ್ಲಿ ಅದೇ ಮೊದಲು.

ಕಮಲಾಪುರದಲ್ಲಿ ಇಳಿದ ಮೇಲೆ ಜಗದೇವಪ್ಪ ಅವಸರ ಮಾಡಲಿಲ್ಲ. "ನೀ ಮುಂದ ನಡಿ, ನಾ ಮುಖ ತೊಳಕೊಂಡು ಬರ್ತೀನಿ" ಎಂದು ಕಲ್ಯಾಣಪ್ಪನನ್ನು ಕಳಿಸಿ ಬೇವಿನ ಮರದ ಕಟ್ಟೆಯ ಮೇಲೆ ಕುಳಿತ. ಇನ್ನೇನು ಅನ್ನಮ್ಮನ ಬೈಗುಳ ಕೇಳಬೇಕು, ಬುಟ್ಟಿ ಹೊರಗೆ ಬೀಳಬೇಕು, ಅದರ ಹಿಂದೆ ಕಲ್ಯಾಣಪ್ಪ ಬೀಳಬೇಕು. ಕಿವಿ ನಿಮಿರಿಸಿಕೊಂಡು ಕಾದ. ಬೇವಿನ ಗಾಳಿ ತಂಪಾಗಿತ್ತು. ಬಾಳೆ ಹೂವು ತಲೆದಿಂಬಿಗೆ ಹದವಾಗಿತ್ತು. ಎಚ್ಚರವಾದಾಗ ಬಿಸಿಲು ಮರದ ಆಚೆ ಹೋಗಿತ್ತು.

ದಡಬಡಿಸಿ ದೌಲಪ್ಪನ ಮನೆಗೆ ಓಡಿದ. ಬೈಗುಳದ ಸದ್ದಿಲ್ಲ. ಪಡಸಾಲೆಯ ಗಾದಿಯ ಮೇಲೆ ಕಲ್ಯಾಣಪ್ಪ ಬೀಗನಂತೆ ಕುಳಿತು ಹೋಳಿಗೆ ತಿನ್ನುತ್ತಿದ್ದ. ತುಪ್ಪ ಬಡಿಸುತ್ತಿದ್ದವಳು ಸ್ವತಃ ಅನ್ನಮ್ಮ.

"ಬಾರಪ್ಪ ಜಗದೇವಪ್ಪ," ಎಂದ ದೌಲಪ್ಪ. ಅವನ ಕಣ್ಣುಗಳು ಒದ್ದೆಯಾಗಿದ್ದವು. "ನಮ್ಮ ಮನೀ ದೀಪ ಉಳಿಸ್ದ ನೋಡು ಈ ಕಲ್ಯಾಣಪ್ಪ."

"ಏನಾತು?"

ಅನ್ನಮ್ಮ ಹೇಳಿದಳು. "ನಿನ್ನಿ ಇಂದ ಸೊಸಿಗೆ ಹಾಲು ವಿಪರೀತ ಇಳದು ಎದಿ ಕಲ್ಲಾಗಿತ್ತಪ್ಪ. ಕೆಂಡದಂಥ ಜ್ವರ. ಕೂಸಿಗೆ ಬಾಯಿ ಹಿಡ್ಯಾಕ ಆಗವಲ್ದು, ಹಸದು ಒಂದೇ ಸವನೆ ಅಳಾಕತ್ತಿತ್ತು. ಸೂಲಗಿತ್ತಿ ಸೂಗಮ್ಮ ಅಂದ್ಲು, ಮಲ್ಲಿಗಿ ಕಟ್ಟಿದ್ರ ಹಾಲಿನ ಬಿಗು ಇಳೀತದ ಅಂತ. ಈ ಬಾಳಿ ಊರಾಗ ಮಲ್ಲಿಗಿ ಎಲ್ಲಿ ತರೋದು? ಇದ್ದ ಒಂದು ಬಳ್ಳಿ ಆಡು ಮೇಯ್ದು ಹೋಗಿತ್ತು. ಅಷ್ಟರಾಗ ಈ ಹುಡುಗ ಬುಟ್ಟಿ ತಗೊಂಡು ನೆಟ್ಟಗ ಬಾಣಂತಿ ಕೋಲಿಗೇ ಬಂದ. ಈಗ ಜ್ವರ ಇಳದದ. ಕೂಸು ಹೊಟ್ಟಿ ತುಂಬ ಕುಡದು ಮಲಗ್ಯಾದ."

"ಅದಕ್ಕ ನಾ ಮಾತು ಕೊಟ್ಟುಬಿಟ್ಟೆ," ಎಂದ ದೌಲಪ್ಪ. "ಶಂಕ್ರಿ ಕಲ್ಯಾಣಪ್ಪನ ಮನಿಗೇ."

ಜಗದೇವಪ್ಪನ ಕಾಲ ಕೆಳಗಿನ ಕಮಲಾಪುರ ಒಂದು ಗೇಣು ಕೆಳಗಿಳಿಯಿತು. ಆಗ ಕಲ್ಯಾಣಪ್ಪ ಹೋಳಿಗೆ ಕೆಳಗಿಟ್ಟ. ಹೇಳಿದೆನಲ್ಲ, ಒಳ್ಳೆಯ ಹುಡುಗ.

"ಭಾವ, ಒಂದು ಮಾತು. ಆ ಮಲ್ಲಿಗಿ ನಂದಲ್ಲ. ಜಗದೇವಪ್ಪಣ್ಣ ಕೊಟ್ಟದ್ದು. ಬಾಣಂತಿ ಕೋಲಿಗೇ ಕೊಡು ಅಂತ ಹೇಳಿದಾಂವನೂ ಅವನೇ."

ಒಳಬಾಗಿಲ ಹಿಂದೆ ಬಳೆ ಸದ್ದಾಯಿತು. ದೌಲಪ್ಪ ಎದ್ದು ಬಂದು ಜಗದೇವಪ್ಪನ ಎರಡೂ ಭುಜ ಹಿಡಿದ. "ಹೌದೇನೋ? ಹೀಂಗ ಆಗ್ಯಾದ ಅಂತ ನಿನಗ ಹ್ಯಾಂಗ ಗೊತ್ತಾತು?"

ಇಂಥ ಹೊತ್ತಿನಲ್ಲಿ ಸುಮ್ಮನಿದ್ದವನು ಗೆಲ್ಲುತ್ತಾನೆ. ಜಗದೇವಪ್ಪನಿಗೆ ಸುಮ್ಮನಿರಲು ಬರುತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಎದೆ ಉಬ್ಬಿಸಿದ. "ನನಗ ಎಲ್ಲಾ ಗೊತ್ತಿತ್ತು ದೌಲಪ್ಪಣ್ಣ. ಎದಿ ಕಟ್ಟಿರಬೇಕು ಅಂತ ಕಲಬುರಗ್ಯಾಗೇ ಅಂದಾಜು ಮಾಡಿದ್ದೆ. ಅದಕ್ಕೇ ಮಲ್ಲಿಗಿ ತಂದೆ."

"ಎದಿ ಕಟ್ಟ್ಯಾದ ಅಂತ ಗೊತ್ತಿತ್ತು," ಎಂದಳು ಅನ್ನಮ್ಮ ನಿಧಾನವಾಗಿ. ಅವಳ ದೃಷ್ಟಿ ಅವನ ಬಗಲಿನಲ್ಲಿದ್ದ ಹಂದಿಮರಿಯಂಥ ವಸ್ತುವಿನ ಮೇಲೆ ನಿಂತಿತ್ತು. "ಹಂಗಾದ್ರ ಹಾಲು ಹೆಚ್ಚು ಮಾಡೋ ಬಾಳಿ ಹೂವು ಯಾಕ ತಂದಿ?"

ಜಗದೇವಪ್ಪ ಬಾಳೆ ಹೂವನ್ನು ನೋಡಿದ. ಬಾಳೆ ಹೂವು ಜಗದೇವಪ್ಪನನ್ನು ನೋಡಿತು.

ಉತ್ತರ ಬಾಗಿಲಿನಿಂದ ಬಂತು. ಕೂಸು ನೋಡುವ ನೆಪದಲ್ಲಿ ಬಂದಿದ್ದ ಬಂಡಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. ಪುಣ್ಯವೆಲ್ಲ ಮಂದಿ ಹಂಚಿಕೊಳ್ಳುತ್ತಿದ್ದಾರೆ, ತನಗೊಂದು ಪಾಲು ಸಿಗದೆ ಹೋಗುತ್ತದೆಂಬ ಸಂಕಟ ಅವಳದು. "ಅಂವಗೇನು ಗೊತ್ತು ಮಣ್ಣು? ಮಲ್ಲಿಗಿ ಹಾಲು ಬತ್ತಿಸ್ತದ ಅಂತ ಮೋಟಾರದಾಗ ಹೇಳಿದಾಕಿ ನಾನು. ನಾ ಹೇಳಿದ ಮ್ಯಾಲೇ ಅಂವ ಹೆದರಿ ಬುಟ್ಟಿ ಕಲ್ಯಾಣಪ್ಪನ ಕೈಗೆ ದಾಟಿಸಿದ್ದು. ಬಾಳಿ ಹೂವೂ ನಾನೇ ಹೇಳಿದ್ದು. ಕೇಳ್ರಿ ಬೇಕಾದ್ರ."

ಜಗದೇವಪ್ಪನಿಗೆ ತಾನೇ ಕೂಸಾಗಿ ತೊಟ್ಟಿಲು ಸೇರಿದರೆ ಒಳ್ಳೆಯದೆನ್ನಿಸಿತು. ಮೊದಲು ನಕ್ಕವಳು ಬಾಗಿಲ ಹಿಂದಿನ ಶಂಕ್ರಮ್ಮ. ಆಮೇಲೆ ಅನ್ನಮ್ಮ. ಕೋಣೆಯೊಳಗಿಂದ ಬಾಣಂತಿಯೂ ನಕ್ಕ ಸದ್ದು ಕೇಳಿತು.

"ಕೂಡೋ ಖೋಡಿ," ಎಂದಳು ಅನ್ನಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಕೆಟ್ಟ ಬುದ್ಧಿಲೆ ಕೊಟ್ಟಿ, ಖರೆ. ಆದ್ರ ಕೊಟ್ಟಾಂವ ನೀನೇ. ನಿನಗೂ ಹೋಳಿಗಿ ಅದ." ಬಾಳೆ ಹೂವನ್ನು ಇಸಿದುಕೊಂಡು ಹಿತ್ತಲಿನ ಆಕಳಿಗೆ ಹಾಕಿದಳು. ಆಕಳು ಅದನ್ನು ಮೂಸಿ ಮುಖ ತಿರುಗಿಸಿತು. ಅದಕ್ಕೂ ದಿನವೂ ಅದೇ ತಿಂದು ಬೇಸರವಾಗಿತ್ತು.

ದೌಲಪ್ಪ ಮಾತ್ರ ಏನೋ ಯೋಚಿಸುತ್ತಿದ್ದ. "ಹೂವಿನ ಕೈಗುಣ ಛಲೋ ಅದ ನಿಂದು," ಎಂದ ಕೊನೆಗೆ. "ಕೊಟ್ಟ ಮಾತಿನಂಗ ಶಂಕ್ರಿ-ಕಲ್ಯಾಣಪ್ಪಂದು ಮುಂದಿನ ತಿಂಗಳ ಲಗ್ನ. ಮದಲಿಂಗನ ಹಣಿಗೆ ಕಟ್ಟೋ ಹೂವಿನ ದಂಡಿ ಇಂದ ಹಿಡದು ಹಂದರದ ಹೂವಿನ ತನಕ ಎಲ್ಲಾ ಜಿಮ್ಮಾ ನಿಂದೇ. ಇಲ್ಲ ಅನಬ್ಯಾಡ."

ಬಾಯಿತುಂಬ ಹೋಳಿಗೆಯಿದ್ದ ಜಗದೇವಪ್ಪನಿಗೆ ಇಲ್ಲ ಅನ್ನಲು ಜಾಗವಿರಲಿಲ್ಲ.

ಮುಂದಿನ ವಾರ ಅವನು ಮೋಮಿನಪುರದ ಓಣಿಯಲ್ಲಿ ಕಾಣಿಸಿಕೊಂಡಾಗ ನಬಿಸಾಬ್ ಜೀವಮಾನದಲ್ಲಿ ಮೊದಲ ಸಲ ಎರಡೂ ಕಣ್ಣು ತೆರೆದು, ಅಂಗಡಿಯಿಂದ ಇಳಿದು ಬಂದ. "ಬರ್ರಿ ನೌಶೇ ಸಾಬ್, ಬರ್ರಿ. ಕಮಲಾಪುರದಾಗ ನಿಮ್ಮ ಶಾದಿ ಅಂತ, ಖಬರ್ ಬಂದದ. ನಾ ಹೇಳಿದ್ದಿಲ್ಲೇನು, ಮಲ್ಲಿಗಿಗೆ ಬ್ಯಾಡ ಅನ್ನೋರಿಲ್ಲ ಅಂತ? ನಿಂದ್ರಿ, ಮೊದಲ ಸೆಹ್ರಾದ ಅಳತಿ ತಗೋತೀನಿ." ಎಂದವನೇ ದಾರವನ್ನು ಜಗದೇವಪ್ಪನ ಹಣೆಯ ಸುತ್ತ ಪ್ರೀತಿಯಿಂದ ಸುತ್ತಿ, ಗಂಟು ಹಾಕುವಲ್ಲಿ ಉಗುರಿನಿಂದ ಗುರುತು ಮಾಡಿದ.

ಜಗದೇವಪ್ಪ ದಾರ ಬಿಚ್ಚುವವರೆಗೆ ಅಲುಗಾಡದೆ ನಿಂತಿದ್ದ.

"ನಾಕು ಬೆರಳು ಕಮ್ಮಿ ಮಾಡು, ನಬಿಸಾಬ್."

"ಕಮ್ಮಿ ಮಾಡಿದ್ರ ಹ್ಯಾಂಗ ಕಟ್ಟಾಕ ಬರ್ತದ್ರಿ?"

"ಬರ್ತದ," ಎಂದ ಜಗದೇವಪ್ಪ. "ಅವನ ತಲಿ ಸಣ್ಣದು."